ಅಟ್ಟದ ಮೇಲಿನ ಮೂಗು

ನಮ್ಮಣ್ಣ ಕಾಸಿಮಿರೊ ಮಾಟೆ ಮರದ ಒಣಸೊಪ್ಪಿಗೆ ಬಿಸಿನೀರು ಹುಯ್ದ ಸೋರೆಬುರುಡೆಯನ್ನು ಬಾಯಿಗೆ ತರುವ ಮೊದಲು ಮೂಗಿಗೆ ತರುತ್ತಿದ್ದ. ಒಂದೇ ಒಂದು ಉಸಿರು ಎಳೆದುಕೊಂಡು, "ನೀರು ಕುದಿಸಿಬಿಟ್ಟಿದೀಯ ಪೀಫಾ" ಎಂದು ಬುರುಡೆಯನ್ನು ಹಾಗೇ ವಾಪಸು ಕೊಡುತ್ತಿದ್ದ. ಕೆಟಲಿನ ನೀರು ಕುದಿ ಬಂದರೆ ಸೊಪ್ಪು ಬೆಂದು ಕಹಿಯೆಲ್ಲ ಒಂದೇ ಸಲ ಇಳಿದುಬಿಡುತ್ತದೆ. ಅದು ನಮ್ಮ ಕಡೆ ಮೊನ್ನೆ ಹುಟ್ಟಿದ ಕೂಸಿಗೂ ಗೊತ್ತು. ಆದರೆ ಕುದಿಸಿ, ಆರಿಸಿ, ತಣ್ಣೀರು ಬೆರೆಸಿ ಏನೂ ಗೊತ್ತಿಲ್ಲದವರ ಹಾಗೆ ತಂದುಕೊಟ್ಟರೂ ಹಿಡಿದುಹಾಕುತ್ತಿದ್ದನಲ್ಲ, ಆ ಮೂಗಿಗೆ ಏನು ಹೇಳುವುದು! ನನಗೋ ಮೊದಲೇ ಸಿಟ್ಟು ಜಾಸ್ತಿ. "ಆ ಮೂಗನ್ನ ಕತ್ತರಿಸಿ ಬೇಲಿಗೆ ನೇತುಹಾಕ್ತೀನಿ ನೋಡು" ಎಂದು ದಿನಕ್ಕೊಮ್ಮೆಯಾದರೂ ಬೈಯುತ್ತಿದ್ದೆ.

ನಮ್ಮನ್ನೆಲ್ಲ ಸಾಕಿದ್ದು ಅದೇ ಮೂಗು. ಅಣ್ಣ, ಮಾಟೆ ತೋಟದ ಯಜಮಾನರಾದ ದೋನ್ ಬಸಿಲಿಯೊ ಅವರ ಒಣಗಿಸುವ ಅಟ್ಟದಲ್ಲಿ ಉರೂ ಆಗಿದ್ದ. ಉರೂ ಎನ್ನುವುದು ನಮ್ಮ ಕಾಡಿನ ಒಂದು ಹಕ್ಕಿ. ಕಣ್ಣಿಗೆ ಬೀಳುವುದು ಅಪರೂಪ, ಕೂಗು ಮಾತ್ರ ಕೇಳುತ್ತದೆ. ಅಟ್ಟದ ಮೇಲೆ ನಿಂತು ಕವೆಗೋಲಿನಿಂದ ಮಾಟೆಯ ಸೊಪ್ಪು ಮಗುಚುತ್ತ, ಕೆಳಗೆ ಬೆಂಕಿಯ ಹತ್ತಿರ ಇರುವವನಿಗೆ "ಹಾಕು", "ಸಾಕು", "ಮುಚ್ಚು" ಎಂದು ಕೂಗುವವನಿಗೂ ಅದೇ ಹೆಸರು ಬಿದ್ದಿದೆ. ಬೆಂಕಿ ಇರುವುದು ಅಟ್ಟದಿಂದ ದೂರದಲ್ಲಿ. ನೆಲದಡಿಯ ಸುರಂಗದಲ್ಲಿ ಬಿಸಿಗಾಳಿ ಮಾತ್ರ ಬಂದು, ಕಮಾನಾಗಿ ಕಟ್ಟಿದ ಗಳುಗಳ ಸಂದಿಯಿಂದ ಮೇಲೇಳುತ್ತದೆ. ಗಳುಗಳ ಮೇಲೆ ಸೊಂಟದೆತ್ತರ ಸೊಪ್ಪು. ಒಂದು ದಿನ ತುಂಬಿದರೆ ಮರುದಿನ ಮಧ್ಯಾಹ್ನದ ಮೇಲೆ ಇಳಿಸಬಹುದು. ಅಷ್ಟರಲ್ಲಿ ಸುರಂಗದಿಂದ ಒಂದೇ ಒಂದು ಕಿಡಿ ಹಾರಿ ಬಂದು ಕೂತರೆ ಸೊಪ್ಪು, ಅಟ್ಟ, ಮೇಲಿದ್ದ ಮನುಷ್ಯ ಎಲ್ಲ ಸೇರಿ ಬೂದಿ. ಹೊಗೆ ಕಣ್ಣಿಗೆ ಕಾಣುವ ಹೊತ್ತಿಗೆ ತಡವಾಗಿರುತ್ತದೆ. ವಾಸನೆ ಅದಕ್ಕಿಂತ ಮುಂಚೆ ಬರುತ್ತದೆ.

ನಮ್ಮಪ್ಪನೂ ಉರೂ ಆಗಿದ್ದವನೇ. ಅಣ್ಣನಿಗೆ ಕಣ್ಣಿಗೆ ಬಟ್ಟೆ ಕಟ್ಟಿ, ಮೂಗಿನ ಕೆಳಗೆ ಒಂದು ಹಿಡಿ ಸೊಪ್ಪು ಹಿಡಿದು, "ಎಷ್ಟು ಹೊತ್ತಿನದು, ಹೇಳು" ಎನ್ನುತ್ತಿದ್ದ. ಮೊದಲು ಹಸಿ ಹುಲ್ಲಿನ ವಾಸನೆ, ಆಮೇಲೆ ಬೇಯಿಸಿದ ಸೊಪ್ಪಿನದು, ಆಮೇಲೆ ಬಿಸಿಲಿಗೆ ಹಾಕಿದ ಹುಲ್ಲಿನದು, ಕಟ್ಟಕಡೆಗೆ ಹುರಿದ ಕಡಲೆಕಾಯಿಯದು. ಅಲ್ಲಿಗೆ ಇಳಿಸಬೇಕು. ನಾನೂ ಪಕ್ಕದಲ್ಲಿ ನಿಂತು ಮೂಗು ಚಾಚಿದರೆ ಅಪ್ಪ, "ನೀನು ಹೋಗಿ ಮರಗೆಣಸು ಸುಲಿ, ಹೋಗು" ಎಂದು ಓಡಿಸುತ್ತಿದ್ದ. ಮರಗೆಣಸು ಸುಲಿಯುತ್ತ ನಾನು ಮನಸ್ಸಿನಲ್ಲೇ ಉತ್ತರ ಹೇಳಿಕೊಳ್ಳುತ್ತಿದ್ದೆ. ಅಣ್ಣ ತಪ್ಪಿದಾಗಲೂ ನನ್ನದು ಸರಿಯಿರುತ್ತಿತ್ತು, ಆದರೆ ನನ್ನನ್ನು ಕೇಳಿದವರಾರು? ಇಪ್ಪತ್ತಕ್ಕೆ ಅಣ್ಣ ಅಟ್ಟ ಹತ್ತಿದ. ನಾನು ಮದುವೆಯಾಗಿ ಹೋದೆ, ಗಂಡ ತೀರಿಕೊಂಡ ಮೇಲೆ ಅಣ್ಣನ ಮನೆಗೇ ವಾಪಸು ಬಂದೆ. ಬರುವಾಗ ತಂದದ್ದು ಒಂದು ಕೆಟಲು, ಒಂದು ಸಿಟ್ಟು ಎಂದು ಅತ್ತಿಗೆ ಸೆಬೇರಾ ಈಗಲೂ ಆಡಿಕೊಳ್ಳುತ್ತಾಳೆ.

ಅಣ್ಣ ಮಾತು ಕಡಿಮೆಯ ಮನುಷ್ಯ. ಒಂದು ಸಲ ಕಟ್ಟಿಗೆ ರಾಶಿಯಲ್ಲಿ ಗೊತ್ತಿಲ್ಲದೆ ಪೈನ್ ತುಂಡೊಂದು ಸೇರಿಹೋಗಿತ್ತು. ಅದರ ರಾಳದ ಹೊಗೆ ಹತ್ತಿದರೆ ಸೊಪ್ಪೆಲ್ಲ ಹಾಳು. ಅದು ಬೆಂಕಿಗೆ ಬಿದ್ದ ಕ್ಷಣವೇ ವಾಸನೆ ಹಿಡಿದು ಅವನು ಮೇಲಿನಿಂದ ಕವೆಗೋಲನ್ನು ಕೆಳಕ್ಕೆ ಎಸೆದಿದ್ದ. ಅವನು ಒಣಗಿಸಿದ ಸೊಪ್ಪನ್ನು ಕುಟ್ಟಿ, ಮೂಟೆ ಕಟ್ಟಿ, ಒಂದು ವರ್ಷ ಹಳೆಯದಾಗಲು ಬಿಟ್ಟು ತೆಗೆದರೆ, ಕಹಿಯ ಹಿಂದೆ ಸಣ್ಣದೊಂದು ಸಿಹಿ, ಅದರ ಹಿಂದೆ ಹೊಗೆ. ದೋನ್ ಬಸಿಲಿಯೊ ಅವರ ಮಗ ಒಣಗಿಸುವ ಯಂತ್ರ ತರೋಣ ಎಂದು ವರ್ಷಾವರ್ಷ ಹಟ ಹಿಡಿಯುತ್ತಿದ್ದ. ಹಿರಿಯರದು ಒಂದೇ ಮಾತು: "ಕಾಸಿಮಿರೊ ಮೂಗು ಇರೋತನಕ ಅಟ್ಟ ಇರುತ್ತೆ."

ಅಂಥ ಮೂಗು ಹೋಗಿಬಿಟ್ಟಿತ್ತು. ನಮಗೆ ಯಾರಿಗೂ ಗೊತ್ತಿರಲಿಲ್ಲ.

ಗೊತ್ತಾದದ್ದು ನಮ್ಮ ಕಡೆ ಚಳಿಗಾಲ ಶುರುವಾಗುವ ಜೂನ್ ತಿಂಗಳಲ್ಲಿ, ನನ್ನದೇ ಒಂದು ಎಡವಟ್ಟಿನಿಂದ. ಹಳೆಯ ಬುರುಡೆ ಸೀಳು ಬಿಟ್ಟಿತ್ತೆಂದು ಹೊಸ ಸೋರೆಬುರುಡೆಯೊಂದನ್ನು ಪಳಗಿಸಲು ಇಟ್ಟಿದ್ದೆ. ಕುಡಿದುಬಿಟ್ಟ ಸೊಪ್ಪಿನ ಚರಟಕ್ಕೆ ಒಲೆಯ ಬೂದಿ ಕಲಸಿ ಒಳಗೆ ತುಂಬಿ, ಒಂದು ದಿನ ಬಿಟ್ಟು ಕೆರೆದು ತೊಳೆಯಬೇಕು. ಆಮೇಲೆಯೇ ಅದು ಮಾಟೆಗೆ ಲಾಯಕ್ಕು. ಅವತ್ತು ಬೆಳಿಗ್ಗೆ ನಾನು ಪೇಟೆಗೆ ಹೋಗಿ ದವಡೆ ಹಲ್ಲು ಕೀಳಿಸಿಕೊಂಡು ಬಂದಿದ್ದೆ. ಬಾಯಿ ತುಂಬ ಹತ್ತಿ, ತಲೆ ಗಿರ್ರೆನ್ನುತ್ತಿತ್ತು. ಕಿಟಕಿಯ ಮೇಲಿದ್ದ ಎರಡು ಬುರುಡೆಯಲ್ಲಿ ಯಾವುದು ಯಾವುದೆಂದು ನೋಡದೆ ಒಂದನ್ನೆತ್ತಿ, ಮೇಲೆ ಹೊಸ ಸೊಪ್ಪು ಸುರಿದು, ಹೀರುವ ಕೊಳವೆ ಸಿಕ್ಕಿಸಿ ನೀರು ಹುಯ್ದೆ. ಮೊದಲನೆಯ ಬುರುಡೆ ಹುಯ್ಯುವವಳೇ ಕುಡಿಯಬೇಕು. ಅದರಲ್ಲಿ ಧೂಳು, ಕಹಿ ಎಲ್ಲ ಇರುತ್ತದೆ, ಅದಕ್ಕೇ ಅದನ್ನು ದಡ್ಡರ ಪಾಲು ಅನ್ನುತ್ತಾರೆ. ಬಾಯಲ್ಲಿ ಹತ್ತಿ ತುಂಬಿಕೊಂಡು ನಾನು ಹೇಗೆ ಕುಡಿಯಲಿ? ಸೀದಾ ಅಣ್ಣನಿಗೆ ಕೊಟ್ಟೆ.

ಅವನು ಯಥಾಪ್ರಕಾರ ಮೂಗಿನ ಹತ್ತಿರ ತಂದ. ಉಸಿರೆಳೆದ. ಕೊಳವೆ ಗೊರಗೊರ ಎನ್ನುವವರೆಗೆ ಪೂರ್ತಿ ಕುಡಿದು ಬುರುಡೆ ವಾಪಸು ಕೊಟ್ಟ. ನಾನು ಮತ್ತೆ ಹುಯ್ದು ಲಿಬೊರಿಯೊ ಕೈಗಿತ್ತೆ. ಇವನು ಅತ್ತಿಗೆಯ ತಮ್ಮ, ಅಟ್ಟದ ಬೆಂಕಿ ನೋಡಿಕೊಳ್ಳುವವನು, ಬಾಯಿಬಡುಕ. ಒಂದು ಗುಟುಕು ಎಳೆದವನೇ ಅಂಗಳಕ್ಕೆ ಓಡಿ ಉಗಿದ.

"ಅಯ್ಯಯ್ಯಪ್ಪಾ! ಒಲೆ ಬೂದಿ ಕುಡಿಸ್ತಾ ಇದೀಯೇನೆ ಪೀಫಾ? ನನ್ನ ಮೇಲೆ ಅಷ್ಟೊಂದು ಕೋಪಾನಾ?"

ಅತ್ತಿಗೆ ಬುರುಡೆ ಕಿತ್ತುಕೊಂಡು ಬೆರಳು ಹಾಕಿ ನೋಡಿದಳು. "ಪಳಗಿಸೋಕಿಟ್ಟಿದ್ದ ಬುರುಡೆ ಕಣೆ ಇದು! ಅಲ್ಲಾ, ಇದನ್ನ ನೀನು ಹೆಂಗೆ ಕುಡಿದೆಯೋ ಮಾರಾಯ?"

ಅಣ್ಣ ಬುರುಡೆಯ ಕಡೆ ನೋಡಿದ. ಆಮೇಲೆ ನಕ್ಕ. "ತಂಗಿ ಹಲ್ಲುನೋವಲ್ಲಿ ಹುಯ್ದುಕೊಟ್ಟಿದ್ದು. ಅವಳ ಮುಖದ ಮುಂದೆ ಉಗೀಲಾ?"

"ನೋಡಿ ಕಲ್ತುಕೋ" ಎಂದು ಅತ್ತಿಗೆ ತಮ್ಮನ ತಲೆಗೊಂದು ಮೊಟಕಿದಳು. ಎಲ್ಲರೂ ನಕ್ಕರು. ನಾನೊಬ್ಬಳೇ ನಗಲಿಲ್ಲ. ಹತ್ತಿಯಿಂದ ನಗಲಾಗುತ್ತಿಲ್ಲ ಎಂದುಕೊಂಡರು.

ತಂಗಿಯ ಮೇಲೆ ಪ್ರೀತಿಯಂತೆ, ಪ್ರೀತಿ! ನನ್ನ ನೀರು ಒಂದು ಚೂರು ಬಿಸಿಯಾದರೆ ಊರ ಮುಂದೆ ಮಾನ ತೆಗೆಯುವವನು ಬೂದಿ ಕುಡಿದು ತೇಗುತ್ತಾನೆಯೇ? ಮಾರನೆಯ ದಿನ ನೀರನ್ನು ಕೊತಕೊತ ಕುದಿಸಿ ಹುಯ್ದುಕೊಟ್ಟೆ. ಆರಿಸಿಕೊಂಡು ಕುಡಿದ, ಮಾತಿಲ್ಲ. ಅದರ ಮಾರನೆಯ ದಿನ ಒಂದು ಚಮಚ ಉಪ್ಪು ಹಾಕಿದೆ. ಕುಡಿದು, "ಇವತ್ತು ಚೆನ್ನಾಗಿ ಹುಯ್ದಿದೀಯ ಪೀಫಾ" ಅಂದ. ನಾನು ಆ ಮನೆಗೆ ಬಂದು ಹನ್ನೊಂದು ವರ್ಷ, ಒಂದು ದಿನವೂ ನನ್ನ ಮಾಟೆಯನ್ನು ಹೊಗಳಿದವನಲ್ಲ.

ಕಟ್ಟಿಗೆ ರಾಶಿಯ ಹಿಂದೆ ಅವನನ್ನು ಹಿಡಿದೆ.

"ಯಾವಾಗಿನಿಂದ?"

"ಏನು ಯಾವಾಗಿನಿಂದ?"

"ನಾಟಕ ಆಡಬೇಡ ಅಣ್ಣ. ಉಪ್ಪು ಹಾಕಿದ್ದೆ ಇವತ್ತು."

ಅವನು ಕೈಯಲ್ಲಿದ್ದ ಟೋಪಿಯನ್ನು ತಿರುಗಿಸುತ್ತ ನಿಂತ. "ಫೆಬ್ರವರಿಲಿ ಕಾರ್ನಿವಲ್ ಹಬ್ಬದಲ್ಲಿ ಜ್ವರ ಬಂತಲ್ಲ, ಅವಾಗಿಂದ. ಜ್ವರ ಹೋಯ್ತು, ಹೋಗೋವಾಗ ವಾಸನೆ ರುಚಿ ಎರಡನ್ನೂ ತಗೊಂಡೋಯ್ತು. ಆಸ್ಪತ್ರೇಲಿ ತೋರಿಸ್ದೆ. ವಾಪಸ್ ಬರಬಹುದು, ಬರದೇನೂ ಇರಬಹುದು ಅಂದ್ರು."

"ಈ ವರ್ಷ ಆಗಲೇ ಆರು ಸಲ ಅಟ್ಟ ತುಂಬಿದಾರೆ!"

"ಕೈಯಲ್ಲಿ ಹಿಸುಕಿ ನೋಡ್ತೀನಿ. ಕಡ್ಡಿ ಮುರಿದ್ರೆ ಸದ್ದು ಹೆಂಗೆ ಬರುತ್ತೆ ಕೇಳ್ತೀನಿ. ಹೆಂಗೋ ಆಯ್ತಲ್ಲ."

"ಹೆಂಗೋ ಅಂತೆ! ಕಿಡಿ ಬಿದ್ರೆ? ಹಿಸುಕಿ ನೋಡ್ತೀಯಾ ಅದನ್ನ? ಮೇಲೆ ನಿಂತೋನು ನೀನು, ಸುಟ್ಟು ಕರಕಲಾಗಿ ಹೋಗ್ತೀಯ. ಇವತ್ತೇ ಹೇಳ್ತೀನಿ ದೋನ್ ಬಸಿಲಿಯೊಗೆ."

"ಪೀಫಾ, ಬೇಡ." ಅವನು ನನ್ನ ತೋಳು ಹಿಡಿದುಕೊಂಡ. "ನಾನು ಇಳಿದ್ರೆ ಅಟ್ಟಾನೂ ಇಳಿಸ್ತಾರೆ. ಯಂತ್ರ ಬರುತ್ತೆ. ಲಿಬೊರಿಯೊ ಏನ್ ಮಾಡ್ತಾನೆ? ಅದೂ ಹೋಗ್ಲಿ ಬಿಡು. ಉರೂ ಅಲ್ದೆ ನಾನು ಇನ್ನೇನೇ?"

ಅರವತ್ತೊಂದು ವರ್ಷದ ಗಂಡಸು, ಕಟ್ಟಿಗೆಗೆ ಒರಗಿಕೊಂಡು ಸದ್ದಿಲ್ಲದೆ ಅತ್ತ. ಹೇಳುವುದಿಲ್ಲ ಎಂದು ಮಾತು ಕೊಟ್ಟೆ. ಕೊಡಬಾರದಿತ್ತು.

ಮಾತು ಕೊಟ್ಟಮೇಲೆ ದಾರಿ ಹುಡುಕಬೇಕಲ್ಲ. ಗಂಟೆಗೊಮ್ಮೆ ನಾನೇ ಏಣಿ ಹತ್ತಿ ಅವನಿಗೆ ಮಾಟೆ ಕೊಟ್ಟುಬರತೊಡಗಿದೆ. ಹತ್ತುತ್ತ ವಾಸನೆ ನೋಡುತ್ತಿದ್ದೆ. ಎಲ್ಲ ಸರಿಯಿದ್ದರೆ ಬಲಗೈಯಲ್ಲಿ ಕೊಡುವುದು, ಬಿಸಿ ಹೆಚ್ಚಾಗಿದ್ದರೆ ಎಡಗೈಯಲ್ಲಿ. ಕೂಡಲೇ ಅವನು ಮೇಲಿನಿಂದ "ಸಾಕು!" ಎಂದು ಕೂಗುತ್ತಿದ್ದ. ಎಡಗೈಯಲ್ಲಿ ಮಾಟೆ ಕೊಡುವುದು ನಮ್ಮಲ್ಲಿ ಮುಖಕ್ಕೆ ಹೊಡೆದಷ್ಟೇ ಅವಮಾನ. ಲಿಬೊರಿಯೊ ಕೆಳಗಿನಿಂದ ನೋಡಿ, "ಎಡಗೈಲಿ ಕೊಟ್ಟಳು! ಇವತ್ತೂ ಅಣ್ಣ ತಂಗಿ ಜಗಳ ಕಣ್ರೋ!" ಎಂದು ಸಾರುತ್ತಿದ್ದ. ಪಾಪ, ನಾವಿಬ್ಬರೂ ಆ ಚಳಿಗಾಲದಷ್ಟು ಹೊಂದಿಕೊಂಡು ಹಿಂದೆಂದೂ ಇದ್ದಿರಲಿಲ್ಲ.

ಒಂದು ಸಂಜೆ ಕೇಳಿಯೇಬಿಟ್ಟೆ. "ರುಚಿ ಇಲ್ಲ, ವಾಸನೆ ಇಲ್ಲ. ಹಂಗಾದ್ರೆ ಇದನ್ನ ಯಾಕೆ ಕುಡೀತೀಯ? ಬಿಸಿನೀರು ಕುಡಿಬಾರದಾ?"

ಅವನು ಬುರುಡೆಯನ್ನು ಎರಡು ಅಂಗೈ ನಡುವೆ ಹಿಡಿದುಕೊಂಡು ಯೋಚಿಸಿದ. "ಬಿಸಿನೀರನ್ನ ಒಬ್ಬನೇ ಕುಡೀಬೇಕು. ಇದಾದ್ರೆ ನಿನ್ನ ಕೈಯಿಂದ ಬರುತ್ತೆ, ವಾಪಸ್ ಹೋಗುತ್ತೆ, ಸೆಬೇರಾ ಕುಡೀತಾಳೆ, ಆ ಮಂಗ ಲಿಬೊರಿಯೊ ಕುಡೀತಾನೆ, ಮತ್ತೆ ನನ್ನ ಹತ್ರ ಬರುತ್ತೆ. ನಾನು ಇನ್ನೂ ಇದೀನಿ ಅಂತ ಗೊತ್ತಾಗುತ್ತೆ."

ನಾನು ಆ ಮಾತನ್ನು ಬಹಳ ದಿನ ಮೆಲುಕು ಹಾಕಿದೆ. ಮಾಟೆ ಕುಡಿದರೆ ಹಸಿವು ತಡೆಯುತ್ತದೆ, ಹಂದಿಕೊಬ್ಬು ತಿಂದ ಹೊಟ್ಟೆ ಹಗುರಾಗುತ್ತದೆ, ಸೊಪ್ಪು ಕಡಿಯುವವರು ಹಿಮ ಬಿದ್ದ ಬೆಳಿಗ್ಗೆ ತೋಟಕ್ಕಿಳಿಯುವುದೇ ಅದರ ಬಲದಿಂದ ಎಂದು ನಾವು ಬಂದವರಿಗೆಲ್ಲ ಹೇಳುತ್ತೇವೆ. ಸುಳ್ಳೇನಲ್ಲ. ನನ್ನ ಗಂಡ ಸತ್ತ ವಾರ ನನ್ನ ಹೊಟ್ಟೆಗೆ ಸೇರಿದ್ದು ಅದೊಂದೇ. ಆದರೆ ಆ ವಾರ ನಾನು ಬದುಕಿದ್ದು ಸೊಪ್ಪಿನ ಗುಣದಿಂದಲೋ, ಬುರುಡೆ ಹಿಡಿದು ಎದುರು ಕೂತಿದ್ದ ಅಣ್ಣ ಅತ್ತಿಗೆಯರಿಂದಲೋ ಎಂದು ಆವರೆಗೆ ಕೇಳಿಕೊಂಡಿರಲಿಲ್ಲ.

ಆಗಸ್ಟ್ ಬಂತು. ಆ ದಿನ ದೋನ್ ಬಸಿಲಿಯೊ ಮಗನನ್ನು ಕರೆದುಕೊಂಡು ಅಟ್ಟಕ್ಕೆ ಬಂದಿದ್ದರು. ಊಟದ ಹೊತ್ತು, ಕೆಲಸದವರೆಲ್ಲ ಬೆಂಕಿಯ ಸುತ್ತ ಕೂತಿದ್ದರು. ನಾನು ಬುರುಡೆ ಹಿಡಿದು ಏಣಿಯ ಕಡೆ ಹೋಗುವುದನ್ನು ಕಂಡು ಆ ಮಗ ಎಲ್ಲರಿಗೂ ಕೇಳುವಂತೆ, "ನಮ್ಮ ಉರೂಗೆ ತಂಗಿ ಬಂದು ಬಾಯಿಗಿಟ್ಟರೇನೇ ಕೆಲಸ ಸಾಗೋದು ಅಂತ ಕಾಣುತ್ತೆ" ಅಂದ. ಗೊಳ್ಳೆಂದು ನಕ್ಕರು. ಅಣ್ಣನ ಕಿವಿ ಕೆಂಪಾದದ್ದು ನನಗೆ ಏಣಿಯ ಮೇಲಿನಿಂದ ಕಾಣಿಸಿತು. ಬಲಗೈಯಲ್ಲೇ ಕೊಟ್ಟೆ, ಎಲ್ಲ ಸರಿಯಿತ್ತು. ಅವನು ಗಟಗಟ ಕುಡಿದು, ಬುರುಡೆ ವಾಪಸು ಕೊಡುತ್ತ, ಕೆಳಗಿನವರಿಗೂ ಕೇಳುವಷ್ಟು ಗಟ್ಟಿಯಾಗಿ ಹೇಳಿದ:

"ಗ್ರಾಸಿಯಾಸ್."

ಮಾಟೆ ಕುಡಿಯುತ್ತ ಕೂತವರು ನಮ್ಮಲ್ಲಿ ಗ್ರಾಸಿಯಾಸ್, ಅಂದರೆ ಉಪಕಾರವಾಯಿತು, ಎಂದು ಹೇಳುವುದಿಲ್ಲ. ಹೇಳಿದರೆ ನನಗೆ ಸಾಕು, ಇನ್ನು ನನ್ನ ಸರದಿ ಬಿಟ್ಟುಬಿಡಿ ಎಂದರ್ಥ. ಆ ಮಾತು ಬಂದಮೇಲೆ ಹುಯ್ಯುವವಳು ಮತ್ತೊಂದು ಕೊಡುವ ಹಾಗಿಲ್ಲ, ಕೊಟ್ಟರೆ ಎಲ್ಲರೂ ತಿರುಗಿ ನೋಡುತ್ತಾರೆ. "ಅಣ್ಣ, ಬೇಡ" ಎಂದು ಪಿಸುಗುಟ್ಟಿದೆ. ಅವನು ಬೆನ್ನು ತಿರುಗಿಸಿ ತೆಂಕಣ ಬದಿಗೆ ಹೋಗಿ ಸೊಪ್ಪು ಮಗುಚತೊಡಗಿದ. ನನಗೆ ರೇಗಿಹೋಯಿತು. ಸಾಯಿ, ನನಗೇನು, ಎಂದುಕೊಂಡು ದಡದಡ ಇಳಿದುಬಂದು ಉಳಿದವರಿಗೆ ಹುಯ್ಯುತ್ತ ಕೂತೆ.

ಮೂರನೆಯ ಸುತ್ತಿನಲ್ಲಿ ನನ್ನ ಕೈ ನಿಂತಿತು. ಹುರಿದ ಕಡಲೆಕಾಯಿ ವಾಸನೆ ದಾಟಿ, ಬಾಣಲೆಯಲ್ಲಿ ಸೀದುಹೋದ ಸಿಪ್ಪೆಯ ವಾಸನೆ. ಸಣ್ಣಗೆ, ಬಡಗಣ ಮೂಲೆಯಿಂದ. ಮೇಲೆ ನೋಡಿದೆ. ಹೊಗೆಯಿಲ್ಲ. ಅಣ್ಣ ಆ ಮೂಲೆಗೆ ಬೆನ್ನು ಹಾಕಿ ನಿಂತಿದ್ದ. ಕೂಗಿದರೆ ಅವನ ಮಾನ ಹೋಗುತ್ತದೆ, ಯಜಮಾನರ ಎದುರಿಗೇ, ಆ ಮಗನ ಎದುರಿಗೇ. ಕೂಗದಿದ್ದರೆ? ತಾನೇ ತಿರುಗಿ ನೋಡಲಿ, ದೇವರೇ, ಒಂದು ಸಲ ತಿರುಗಿ ನೋಡಲಿ ಎಂದು ಕಾದೆ. ಒಂದು ಬುರುಡೆ ಮಾಟೆ ಕುಡಿಯುವಷ್ಟು ಹೊತ್ತು ಕಾದಿರಬೇಕು. ಅಷ್ಟು ಹೊತ್ತು ಯಾಕೆ ಕಾದೆ ಎಂದು ನನಗೆ ಈಗಲೂ ನನ್ನ ಮೇಲೆ ಕೋಪವಿದೆ.

"ಮುಚ್ಚು!" ನನಗೇ ಗೊತ್ತಿಲ್ಲದೆ ಎದ್ದು ನಿಂತು ಕಿರುಚಿದ್ದೆ. "ಲಿಬೊರಿಯೊ, ಮುಚ್ಚು! ಅಣ್ಣಾ, ಬಡಗಣ ಮೂಲೆ! ಬಡಗಣ ಮೂಲೆ!"

ಯಾರು ಕೂಗಿದರೆಂದು ನೋಡದೆ ಲಿಬೊರಿಯೊ ಮುಚ್ಚಳದ ತಗಡನ್ನು ಸುರಂಗದ ಬಾಯಿಗೆ ಒದ್ದ. ಅಣ್ಣ ಸೊಪ್ಪಿನಲ್ಲಿ ಈಜುವವನಂತೆ ಆ ಮೂಲೆಗೆ ನುಗ್ಗಿ ಕವೆಗೋಲಿನಿಂದ ಬಗೆದ. ಒಳಗೆ ತಟ್ಟೆಯಗಲ ಕಪ್ಪಾಗಿ, ಅಂಚಿಗೆ ಕೆಂಪು ಓಡಾಡುತ್ತಿತ್ತು. ಗಾಳಿ ತಾಗಿದ್ದೇ ಭಗ್ಗೆಂದಿತು. ಅವನು ಒದ್ದೆ ಗೋಣಿಚೀಲ ಹಾಕಿ ಅದರ ಮೇಲೆ ಬಿದ್ದ. ಕೆಳಗಿನಿಂದ ಬಕೆಟ್ಟುಗಳು ಹೋದವು. ಆರಿತು. ಅಣ್ಣ ಇಳಿದುಬಂದಾಗ ಎಡ ಅಂಗೈ ಬೊಬ್ಬೆ ಎದ್ದಿತ್ತು, ಹುಬ್ಬು ಸುಟ್ಟಿತ್ತು.

ಮೊದಲು ಯಜಮಾನರ ಮಗನೇ ಬಾಯಿ ಬಿಟ್ಟ. "ಇದೇನಪ್ಪಾ ಇದು? ಮೇಲೆ ನಿಂತೋನಿಗೆ ಗೊತ್ತಾಗ್ಲಿಲ್ಲ, ಕೆಳಗೆ ಮಾಟೆ ಹುಯ್ಯೋಳಿಗೆ ಗೊತ್ತಾಯ್ತಾ?"

"ಗಾಳಿ ಸ್ವಾಮಿ" ಎಂದ ಲಿಬೊರಿಯೊ ತಕ್ಷಣ. ಅವನಿಗೆ ಆ ಗಳಿಗೆಯಲ್ಲಿ ಎಲ್ಲ ಅರ್ಥವಾಗಿತ್ತೆಂದು ಮುಖ ನೋಡಿದರೇ ತಿಳಿಯುತ್ತಿತ್ತು. "ಗಾಳಿ ಈ ಕಡೆಗೆ ಬೀಸ್ತಾ ಇತ್ತು. ಭಾವ ಆ ಕಡೆ ಇದ್ರು."

"ಹೌದು, ಗಾಳಿ" ಅಂದೆ ನಾನೂ.

ದೋನ್ ಬಸಿಲಿಯೊ ತಲೆಯಾಡಿಸಿದರು. ನಂಬಿದರು, ಇಲ್ಲವೇ ನಂಬಲು ತಯಾರಿದ್ದರು. ಅಷ್ಟಕ್ಕೇ ಮುಗಿದುಹೋಗುತ್ತಿತ್ತು. ಅಣ್ಣ ಸುಮ್ಮನಿದ್ದರೆ ಸಾಕಿತ್ತು.

ಅವನು ಟೋಪಿ ತೆಗೆದ. "ಗಾಳಿ ಅಲ್ಲ ದೋನ್ ಬಸಿಲಿಯೊ. ಫೆಬ್ರವರಿಯಿಂದ ನನಗೆ ವಾಸನೆ ಬರಲ್ಲ. ಒಂದು ಚೂರೂ ಬರಲ್ಲ. ನಿಮಗೆ ಹೇಳ್ಲಿಲ್ಲ, ತಪ್ಪು ನಂದು. ಜೂನ್‌ನಿಂದ ಈಚೆಗೆ ಸೊಪ್ಪು ಒಣಗಿಸ್ತಾ ಇರೋದು ನಾನಲ್ಲ. ಇವಳು."

ನನಗೆ ಅಳು ಒತ್ತರಿಸಿ ಬಂತು. ಸಿಟ್ಟೂ ಬಂತು. ಬಚಾವಾಗಿದ್ದೆಯಲ್ಲೋ, ಯಾಕೋ ಹೇಳಿದೆ ಎಂದು ಅವನ ಎದೆಗೆ ಗುದ್ದಬೇಕೆನಿಸಿತು. ಯಜಮಾನರು ಬಹಳ ಹೊತ್ತು ಅವನ ಮುಖ ನೋಡಿದರು. ಆಮೇಲೆ ನನ್ನನ್ನು ನೋಡಿದರು. ಆಮೇಲೆ ಅಟ್ಟವನ್ನು ನೋಡಿದರು.

"ತೆಂಕಣ ಬದಿ ಸೊಪ್ಪು ಇನ್ನೂ ಹಸಿ ಇದೆ" ಅಂದರು. "ಸುರಂಗ ತಣ್ಣಗಾದ್ರೆ ಅಷ್ಟೂ ಕೆಟ್ಟುಹೋಗುತ್ತೆ. ಈಗ ಯಾರು ಹತ್ತೋರು?"

"ಅಪ್ಪಾ, ಹೆಂಗಸನ್ನ ಅಟ್ಟಕ್ಕೆ..." ಎಂದ ಮಗ.

"ನಿನಗೆ ಬಂತೇನೋ ವಾಸನೆ?" ಎಂದರು ಹಿರಿಯರು.

ಅಣ್ಣ ಕವೆಗೋಲನ್ನು ನನ್ನ ಕೈಗೆ ಕೊಟ್ಟ. ಹಿಡಿ ಅವನ ಕೈಬಿಸಿಗೆ ಇನ್ನೂ ಬೆಚ್ಚಗಿತ್ತು. ನಾನು ಲಂಗವನ್ನು ಸೊಂಟಕ್ಕೆ ಸಿಕ್ಕಿಸಿ ಏಣಿ ಹತ್ತುವಾಗ ಅವನು ಕೆಳಗೆ ಏಣಿ ಹಿಡಿದುಕೊಂಡು ನಿಂತ. ಮೇಲೆ ಸೊಪ್ಪಿನ ಬಿಸಿ ಮುಖಕ್ಕೆ ಬಡಿಯಿತು. ತೆಂಕಣ ಬದಿಯಲ್ಲಿ ಬೇಯಿಸಿದ ಸೊಪ್ಪಿನ ವಾಸನೆ, ನಡುವೆ ಒಣಹುಲ್ಲಿನದು. ಎಲ್ಲ ತಿಳಿಯುತ್ತಿತ್ತು. ಸುಟ್ಟ ಮೂಲೆಯನ್ನು ಬೇರೆ ತೆಗೆದೆ, ಹಸಿಯನ್ನು ನಡುವಿಗೆ ಎಳೆದೆ. ಇನ್ನು ಬೆಂಕಿ ಬೇಕು. ಕೆಳಗೆ ಹತ್ತು ಮುಖಗಳು ಮೇಲೆ ನೋಡುತ್ತಿದ್ದವು. ಲಿಬೊರಿಯೊ ಬೆಂಕಿಯ ಬಾಯಿಯಿಂದ ಪಕ್ಕಕ್ಕೆ ಸರಿದಿದ್ದ, ಅವನ ಜಾಗದಲ್ಲಿ ಅಣ್ಣ ಕುಕ್ಕರುಗಾಲಲ್ಲಿ ಕೂತಿದ್ದ. ಏನೋ ಅಂದೆ, ನನಗೇ ಕೇಳಿಸಲಿಲ್ಲ.

"ಗಟ್ಟಿಯಾಗಿ ಕೂಗೇ" ಎಂದ ಅಣ್ಣ ತಲೆಯೆತ್ತದೆ. "ಉರೂ ಕೂಗಿದ್ದು ಕೆಳಗೆ ಕೇಳಿಸಬೇಕು."

"ಹಾಕು!" ಎಂದು ಕೂಗಿದೆ.

ಸುಡದ ಕೈಯಲ್ಲಿ ತಗಡು ಸರಿಸಿ, ಅಣ್ಣ ಬಗ್ಗಿ ಕಟ್ಟಿಗೆ ಹಾಕಿದ.